ಹಿಂಪಡೆದ ಅರ್ಜಿಗೆ ಜಯಪತ್ರವಿಲ್ಲ

ಹೂಮಳೆ ಎಷ್ಟು ಇಂಚು, ಎಷ್ಟು ಸೆಂಟ್ಸ್ ಬಿತ್ತೆಂದು ಅಳೆದು ಬರೆದಿಡುವ ಶಿಸ್ತು ಸಕಲೇಶಪುರ, ಆಲೂರು ಕಡೆಯ ಕಾಫಿ ಬೆಳೆಗಾರರಿಗೆ ಇದೆ. ಅದೇ ಸೀಮೆಗೆ ಹೈಕೋರ್ಟಿನಿಂದ ‘ಅರ್ಜಿ ವಿಲೇವಾರಿ ಆಯ್ತಂತೆ’ ಎಂಬ ಸುದ್ದಿ ಬಂದರೆ ಮಾತ್ರ ಅಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ವಿಲೇವಾರಿಯಾಯಿತು ಎಂದರೆ ಮುಗಿಯಿತು. ಮುಗಿಯಿತು ಎಂದರೆ ಅರ್ಜಿ ಹಾಕಿದವನು ಸೋತ. ಅವನು ಸೋತನೆಂದರೆ ಎದುರಿನವರು ಮಾಡಿದ್ದಕ್ಕೆಲ್ಲ ಕೋರ್ಟಿನ ಮೊಹರು ಬಿತ್ತು. ಹಾಕಿದವರೇ ಅರ್ಜಿಯನ್ನು ವಾಪಸ್ ತೆಗೆದುಕೊಂಡಿದ್ದರಂತೂ ಕೇಳುವುದೇ ಬೇಡ. ‘ಹುರುಳಿದ್ದಿದ್ದರೆ ಯಾಕೆ ವಾಪಸ್ ತಗೊಳ್ತಿದ್ದರು?’ ಎಂಬ ಒಂದೇ ಪ್ರಶ್ನೆಯಲ್ಲಿ ಇಡೀ ವ್ಯಾಜ್ಯದ ತೀರ್ಪು ಹೊರಬೀಳುತ್ತದೆ. ಈ ಬೆಟ್ಟಸಾಲಿನಲ್ಲಿ ವ್ಯಾಜ್ಯಕ್ಕೆ ವಸ್ತುವಿನ ಬರವಿಲ್ಲ. ಎತ್ತಿನಹೊಳೆಯ ನೀರು, ಗುಂಡ್ಯ ಜಲವಿದ್ಯುತ್ ಯೋಜನೆ, ತೋಟಕ್ಕಿಳಿಯುವ ಆನೆ, ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅರಣ್ಯ, ಹೇಮಾವತಿ ಮುಳುಗಡೆಯವರಿಗೆ ಕೊಟ್ಟ ಜಮೀನು, ಬಗರ್ ಹುಕುಂ ಸಾಗುವಳಿ, ಸಾಲಕ್ಕೆ ಹರಾಜಾಗುವ ತೋಟ, ಎಲ್ಲವೂ ಇಂದಲ್ಲ ನಾಳೆ ಕೋರ್ಟಿನ ಮೆಟ್ಟಿಲಿಗೆ ಬಂದು ನಿಲ್ಲುವಂಥವೇ. ಅಂಥ ಕಡೆ ಒಂದು ಪದವನ್ನು ತಪ್ಪಾಗಿ ಓದಿಕೊಂಡರೆ ಜಮೀನೇ ಕೈಬಿಡಬಹುದು. ಹಿಂಪಡೆದ ಅರ್ಜಿಯನ್ನು ವಿಲೇವಾರಿ ಮಾಡಿದ ಆದೇಶ ಕಡತದ ಗತಿಯನ್ನು ತಿಳಿಸುತ್ತದೆ. ಹಕ್ಕು ಯಾರದೆಂಬುದರ ಬಗ್ಗೆ ಅದು ತುಟಿ ಬಿಚ್ಚಿರುವುದಿಲ್ಲ. ಊರಿನವರಷ್ಟೇ ಅಲ್ಲ, ತಿಳಿದಿರಬೇಕಾದ ಕಚೇರಿಗಳೂ ಈ ಮೌನವನ್ನು ಮಾತೆಂದು ಓದುತ್ತಿರುವುದರಿಂದ ಇಷ್ಟು ಬಿಡಿಸಿ ಹೇಳಬೇಕಾಗಿದೆ.

ಗೊಂದಲದ ಅರ್ಧ ಪಾಲು ಪದದ್ದೇ. ವಿಲೇವಾರಿ ನಮ್ಮ ಆಡಳಿತದ ಪದ. ಕಡತ ವಿಲೇವಾರಿಯಾಗುತ್ತದೆ, ಪುರಸಭೆಯ ಕಸವೂ ವಿಲೇವಾರಿಯಾಗುತ್ತದೆ. ಮೇಜಿನ ಮೇಲಿದ್ದದ್ದು ಮೇಜಿನಿಂದ ಹೋಯಿತು ಎಂಬುದಕ್ಕಿಂತ ಹೆಚ್ಚಿನ ಅರ್ಥ ಆ ಪದಕ್ಕಿಲ್ಲ. ನ್ಯಾಯಾಲಯದ ಲೆಕ್ಕದ ಪುಸ್ತಕದಲ್ಲೂ ಅದರ ಕೆಲಸ ಇಷ್ಟೇ: ಬಾಕಿ ಉಳಿದ ಪ್ರಕರಣಗಳ ಪಟ್ಟಿಯಿಂದ ಒಂದು ಕಡಿಮೆ. ಪೂರ್ಣ ವಿಚಾರಣೆಯಾಗಿ ಅರ್ಜಿದಾರ ಗೆದ್ದದ್ದೂ ವಿಲೇವಾರಿ, ಸೋತದ್ದೂ ವಿಲೇವಾರಿ, ‘ಮನವಿಯನ್ನು ಇಂತಿಷ್ಟು ವಾರದಲ್ಲಿ ಪರಿಗಣಿಸಿ’ ಎಂದು ಅಧಿಕಾರಿಗೆ ಹೇಳಿ ಕಳಿಸಿದ್ದೂ ವಿಲೇವಾರಿ, ಅರ್ಜಿದಾರರ ವಕೀಲರು ಎದ್ದು ನಿಂತು ಹಿಂಪಡೆಯುತ್ತೇವೆಂದು ಮೆಮೊ ಕೊಟ್ಟದ್ದೂ ವಿಲೇವಾರಿ. ಇದೇ ಸೀಮೆಯ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟರೆ ವಿಷಯ ಕಣ್ಣಿಗೆ ಕಾಣುತ್ತದೆ. ಆನೆಗಳ ಸಾವಿನ ಬಗ್ಗೆ ಕರ್ನಾಟಕ ಹೈಕೋರ್ಟು 2008ರಲ್ಲಿ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಅದರ ಫಲವಾಗಿ ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ ಬಂತು. 2012ರ ಸೆಪ್ಟೆಂಬರಿನಲ್ಲಿ ಅದು ಕೊಟ್ಟ ವರದಿ ಆನೆಗಳ ನೆಲೆಯನ್ನು ಸಂರಕ್ಷಣಾ ವಲಯ, ಸಹಬಾಳ್ವೆಯ ವಲಯ, ಆನೆ ತೆರವಿನ ವಲಯ ಎಂದು ಮೂರಾಗಿ ವಿಂಗಡಿಸಿ, ಆಲೂರು ಭಾಗವನ್ನು ತೆರವಿನ ವಲಯಕ್ಕೆ ಸೇರಿಸಿತು. 2013ರ ಅಕ್ಟೋಬರಿನಲ್ಲಿ ಪ್ರಕರಣ ವಿಲೇವಾರಿಯಾಯಿತು, ಆದರೆ ನಿರ್ದೇಶನಗಳ ಸಮೇತ. ಮರುವರ್ಷ ಆಲೂರು, ಸಕಲೇಶಪುರ ಭಾಗದಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದ್ದರ ಹಿಂದೆ ಆ ಆದೇಶವಿತ್ತು. ಎತ್ತಿನಹೊಳೆ ಯೋಜನೆಯ ವಿರುದ್ಧ ಬಂದ ಅರ್ಜಿಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ವರ್ಷಗಟ್ಟಲೆ ನಡೆದು, ಎರಡೂ ಕಡೆಯ ವಾದ ಮುಗಿದು, ಯೋಜನೆಯ ಪರವಾಗಿ ತೀರ್ಮಾನವಾದವು. ಆ ತೀರ್ಮಾನ ಸರಿಯೆಂದು ಒಪ್ಪದವರಿಗೂ ಓದಿ ಟೀಕಿಸಲು ಅಲ್ಲಿ ಕಾರಣಗಳಿವೆ. ಹಿಂಪಡೆದ ಅರ್ಜಿಯ ಆದೇಶದಲ್ಲಿ ನಿರ್ದೇಶನವೂ ಇಲ್ಲ, ಕಾರಣವೂ ಇಲ್ಲ. ಮೂರಕ್ಕೂ ಒಂದೇ ಹೆಸರು ಇರುವುದರಿಂದ ಮೂರರ ತೂಕವೂ ಒಂದೇ ಎನ್ನುವವರು ಚೀಲದ ಮೇಲಿನ ಅಚ್ಚು ನೋಡಿ ಒಳಗಿನ ಕಾಫಿಗೆ ಬೆಲೆ ಕಟ್ಟುವವರಂತೆ.

ಒಮ್ಮೆ ತೀರ್ಮಾನವಾದ ವ್ಯಾಜ್ಯವನ್ನು ಮತ್ತೆ ಕೆದಕಬಾರದು ಎಂಬ ಪೂರ್ವನ್ಯಾಯದ ತತ್ವ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಮಿನಲ್ಲಿದೆ. ಆದರೆ ಆ ಕಲಮು ಬಳಸುವ ಮಾತು ‘ವಿಚಾರಣೆ ನಡೆದು ಅಂತಿಮವಾಗಿ ತೀರ್ಮಾನವಾದ’ ಎಂಬುದು. ವಿಚಾರಣೆ ಮತ್ತು ತೀರ್ಮಾನ ಎರಡೂ ಬೇಕು. ಬ್ರಿಟಿಷರು ಬರುವುದಕ್ಕೆ ಶತಮಾನಗಳ ಹಿಂದೆಯೇ, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ಇದನ್ನು ಸ್ಪಷ್ಟವಾಗಿ ಕಂಡಿದ್ದ. ಪ್ರತಿವಾದಿ ಕೊಡಬಹುದಾದ ನಾಲ್ಕು ಬಗೆಯ ಉತ್ತರಗಳಲ್ಲಿ ಪ್ರಾಙ್ನ್ಯಾಯವೂ ಒಂದು: ‘ಇದೇ ವಿಷಯದಲ್ಲಿ ನೀನು ಹಿಂದೆಯೇ ನನ್ನೆದುರು ಸೋತಿದ್ದೀಯೆ’ ಎನ್ನುವುದು. ಹಾಗೆ ಹೇಳಿದರೆ ಸಾಲದು. ಹಿಂದಿನ ಗೆಲುವನ್ನು ಜಯಪತ್ರ ತೋರಿಸಿಯೋ, ಆ ವಿಚಾರಣೆಯನ್ನು ಕಂಡವರ ಮೂಲಕವೋ ಪ್ರತಿವಾದಿಯೇ ಸಾಬೀತು ಮಾಡಬೇಕು. ಇಂದು ‘ಹೈಕೋರ್ಟೇ ನಮ್ಮ ಪರ ಹೇಳಿದೆ’ ಎನ್ನುವವರನ್ನು ಅದೇ ಅಳತೆಯಲ್ಲಿ ಕೇಳಬಹುದು: ಜಯಪತ್ರ ಎಲ್ಲಿದೆ? ಹಿಂಪಡೆದ ಅರ್ಜಿಯ ಆದೇಶದ ಪ್ರತಿಯಲ್ಲಿ ಸಿಗುವುದು ಎರಡೋ ಮೂರೋ ಸಾಲು: ಅರ್ಜಿದಾರರ ವಕೀಲರು ಹಿಂಪಡೆಯಲು ಅನುಮತಿ ಕೋರಿದರು, ಅನುಮತಿ ಕೊಡಲಾಗಿದೆ, ಅರ್ಜಿ ವಿಲೇವಾರಿಯಾಗಿದೆ. 1961ರ ದರಿಯಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ನೇರವಾಗಿಯೇ ಹೇಳಿತು. ಗುಣದೋಷ ನೋಡಿ ಹೈಕೋರ್ಟು ತಳ್ಳಿಹಾಕಿದ ರಿಟ್ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ 32ನೇ ವಿಧಿಯ ಹೊಸ ಅರ್ಜಿಗೆ ಅಡ್ಡ ಬರುತ್ತದೆ. ಹಿಂಪಡೆದ ಕಾರಣಕ್ಕೆ ವಜಾ ಆದದ್ದು ಅಡ್ಡ ಬರುವುದಿಲ್ಲ, ಏಕೆಂದರೆ ಅಲ್ಲಿ ಗುಣದೋಷದ ಮೇಲೆ ತೀರ್ಮಾನವೇ ಇಲ್ಲ. ಗಮನಿಸಿ, ಪೀಠ ಅಲ್ಲಿ ಮಾತಾಡಿದ್ದು ‘ವಜಾ’ ಎಂಬ ಪದ ಇದ್ದ ಆದೇಶದ ಬಗ್ಗೆಯೇ. ‘ವಿಲೇವಾರಿ’ ಎಂದಿದ್ದರೆ ಮೃದು, ‘ವಜಾ’ ಎಂದಿದ್ದರೆ ಸೋಲು ಎಂದು ಎರಡರ ನಡುವೆ ಗೆರೆ ಎಳೆಯುವವರಿಗೂ ಇಲ್ಲಿ ಉತ್ತರವಿದೆ. ಹಿಂಪಡೆಯುವಿಕೆಯ ಮೇಲೆ ಬಂದ ಆದೇಶಕ್ಕೆ ಯಾವ ಪದ ಅಂಟಿಸಿದರೂ ಹೂರಣ ಒಂದೇ. ಸುಪ್ರೀಂ ಕೋರ್ಟು ವಿಶೇಷ ಅನುಮತಿ ಅರ್ಜಿಯೊಂದನ್ನು ಕಾರಣ ಕೊಡದೆ ವಜಾ ಮಾಡಿದರೂ ಕೆಳಗಿನ ತೀರ್ಪು ಅದರಲ್ಲಿ ವಿಲೀನವಾಗುವುದಿಲ್ಲ ಎಂಬುದನ್ನು ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ 2019ರಲ್ಲಿ ಮತ್ತೊಮ್ಮೆ ಖಚಿತಪಡಿಸಲಾಗಿದೆ. ನ್ಯಾಯಾಲಯವೇ ತಳ್ಳಿದ್ದಕ್ಕೆ ಇಷ್ಟು ಕಡಿಮೆ ತೂಕವಿರುವಾಗ, ಅರ್ಜಿದಾರ ತಾನಾಗಿ ಎತ್ತಿಕೊಂಡು ಹೋದದ್ದಕ್ಕೆ ತೀರ್ಪಿನ ತೂಕ ಎಲ್ಲಿಂದ ಬಂತು?

ಹಾಗಾದರೆ ಹಿಂಪಡೆದವರಿಗೆ ಏನೂ ಅಡ್ಡಿಯಿಲ್ಲವೆ? ಇದೆ, ಮತ್ತು ಅದನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. ದಾವೆಯ ವಿಷಯಕ್ಕೆ ಸಂಹಿತೆಯ 23ನೇ ಆದೇಶದ 1ನೇ ನಿಯಮ ಇದೆ. ವಾದಿ ತನ್ನ ದಾವೆಯನ್ನು ಯಾವಾಗ ಬೇಕಾದರೂ ಬಿಟ್ಟುಬಿಡಬಹುದು. ಅದೇ ವಿಷಯಕ್ಕೆ ಹೊಸದಾಗಿ ದಾವೆ ಹೂಡುವ ಸ್ವಾತಂತ್ರ್ಯ ಬೇಕಾದರೆ ಮಾತ್ರ ಔಪಚಾರಿಕ ದೋಷವನ್ನೋ ಸಾಕಷ್ಟು ಕಾರಣವನ್ನೋ ತೋರಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು; ಪಡೆಯದಿದ್ದರೆ ಆ ಬಾಗಿಲು ಮುಚ್ಚಿತು, ಎದುರಿನವರ ಖರ್ಚೂ ಮೈಮೇಲೆ ಬರಬಹುದು. ರಿಟ್ ಅರ್ಜಿಗಳಿಗೆ ಸಂಹಿತೆ ನೇರವಾಗಿ ಅನ್ವಯಿಸುವುದಿಲ್ಲ ಎಂದು 1976ರ ತಿದ್ದುಪಡಿ ಹೇಳಿದ್ದರಿಂದ ಅಲ್ಲೊಂದು ಸಂದು ಉಳಿದಿತ್ತು. ಅದನ್ನು ಮುಚ್ಚಿದ್ದು 1986ರ ನವೆಂಬರಿನಲ್ಲಿ ಬಂದ ಸರ್ಗುಜಾ ಟ್ರಾನ್ಸ್‌ಪೋರ್ಟ್ ಪ್ರಕರಣದ ತೀರ್ಪು. ಬರೆದವರು ಮಂಡ್ಯ ಜಿಲ್ಲೆಯಿಂದ ಹೋಗಿ ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ. ವ್ಯಾಜ್ಯ ಒಂದು ಬಸ್ ಪರ್ಮಿಟ್ಟಿನದು, ತತ್ವ ಮಾತ್ರ ದೊಡ್ಡದು. ಸ್ವಾತಂತ್ರ್ಯ ಉಳಿಸಿಕೊಳ್ಳದೆ ರಿಟ್ ಅರ್ಜಿ ಹಿಂಪಡೆದವನು ಅದೇ ಕಾರಣಕ್ಕೆ 226ನೇ ವಿಧಿಯಡಿ ಹೈಕೋರ್ಟಿಗೆ ಮತ್ತೆ ಬರುವಂತಿಲ್ಲ. ಇಲ್ಲದಿದ್ದರೆ ಒಂದು ಪೀಠದ ಒಲವು ತನಗೆ ವಿರುದ್ಧವಾಗಿದೆ ಎಂದು ಕಂಡೊಡನೆ ಹಿಂಪಡೆದು, ಅನುಕೂಲದ ಪೀಠ ಬಂದಾಗ ಹೊಸ ಅರ್ಜಿ ಹಾಕುವ ಚಾಳಿ ಬೆಳೆಯುತ್ತದೆ. ತೀರ್ಪಿನ ನಿಜವಾದ ನಾಜೂಕು ಮುಂದಿನ ಮಾತಿನಲ್ಲಿದೆ. ಈ ನಿರ್ಬಂಧ ಬರುವುದು ಪೂರ್ವನ್ಯಾಯದಿಂದಲ್ಲ, ಸಾರ್ವಜನಿಕ ನೀತಿಯಿಂದ. ಸಿವಿಲ್ ದಾವೆಯಂಥ ಬೇರೆ ಪರಿಹಾರಗಳು ತೆರೆದೇ ಇರಬಹುದು. ಬಂಧಿಯನ್ನು ಹಾಜರುಪಡಿಸೆಂದು ಕೋರುವಂಥ, ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಅರ್ಜಿಗಳಿಗೆ ಈ ಅಡ್ಡಿ ಇಲ್ಲವೇ ಇಲ್ಲ. ಅಂದರೆ ಮುಚ್ಚುವುದು ಒಂದು ದಣಪೆ ಮಾತ್ರ. ಆ ದಣಪೆ ಮುಚ್ಚಿದ್ದರಿಂದ ಬೇಲಿಯೊಳಗಿನ ಜಮೀನು ಇಂಥವರದು ಎಂದು ಯಾರೂ ತೀರ್ಮಾನಿಸಲಿಲ್ಲ.

ಇನ್ನು ಆ ಪ್ರಸಿದ್ಧ ಪ್ರಶ್ನೆ: ಹುರುಳಿದ್ದರೆ ಯಾಕೆ ವಾಪಸ್? ಈ ಪ್ರಶ್ನೆಗೆ ಬಲ ಇಲ್ಲವೆನ್ನಲಾರೆ. ನ್ಯಾಯಮೂರ್ತಿಗಳ ಮಾತಿನ ಧಾಟಿ ನೋಡಿ, ವಜಾ ಆಗುವುದು ಖಚಿತ ಎನಿಸಿದಾಗ ಮುಖ ಉಳಿಸಿಕೊಳ್ಳಲು ಹಿಂಪಡೆಯುವುದು ದಿನನಿತ್ಯದ ಸಂಗತಿ. ಆದರೆ ಅದೊಂದೇ ಕಾರಣವೆಂದು ಊಹಿಸುವುದು ಮಲೆನಾಡಿನ ವ್ಯಾಜ್ಯಗಳ ಸ್ವರೂಪವನ್ನೇ ಮರೆತಂತೆ. ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಮೊದಲು ಬಂದದ್ದು 2014ರ ಮಾರ್ಚ್ 10ರಂದು. ಅಂತಿಮವಾಗದೆ ಮತ್ತೆ ಮತ್ತೆ ಕರಡಾಗಿಯೇ ಹೊರಟು, 2024ರ ಜುಲೈ 31ರಂದು ಆರನೆಯ ಬಾರಿ ಬಂತು. ಪ್ರತಿ ಬಾರಿಯೂ ಆಕ್ಷೇಪಣೆಗೆ 60 ದಿನ. ಇಂಥ ಕರಡಿನ ವಿರುದ್ಧ ರಿಟ್ ಹಾಕಿದವರಿಗೆ ನ್ಯಾಯಾಲಯ ‘ಇನ್ನೂ ಕರಡಿದೆಯಲ್ಲ, ಮೊದಲು ಆಕ್ಷೇಪಣೆ ಕೊಡಿ’ ಎಂದರೆ ಹಿಂಪಡೆಯುವುದೇ ಜಾಣತನ; ಕರಡು ಕಾಲ ಮೀರಿ ಬಿದ್ದುಹೋದರಂತೂ ಪ್ರಶ್ನಿಸಲು ಏನೂ ಉಳಿದಿರುವುದಿಲ್ಲ. ಈ ಎರಡರಲ್ಲಿ ಯಾವುದೂ ಕರಡು ಸರಿಯಿದೆ ಎಂಬ ಒಪ್ಪಿಗೆಯಲ್ಲ. ತೋಟದ ಮೇಲಿನ ಸಾಲಕ್ಕೆ ಬ್ಯಾಂಕು ಸರ್ಫೇಸಿ ಕಾಯ್ದೆಯಡಿ ಸ್ವಾಧೀನಕ್ಕೆ ಬಂದಾಗ ಬೆಳೆಗಾರ ಓಡುವುದು ಹೈಕೋರ್ಟಿಗೆ. ಸಾಲ ವಸೂಲಾತಿ ನ್ಯಾಯಮಂಡಳಿ ಇರುವಾಗ ಇಲ್ಲಿಗೇಕೆ ಬಂದಿರಿ ಎಂಬ ಮಾತು 2010ರ ಸತ್ಯವತಿ ಟಂಡನ್ ತೀರ್ಪಿನ ನಂತರ ಅಲ್ಲಿ ಕೇಳುವುದು ಹೆಚ್ಚುಕಡಿಮೆ ಖಚಿತ. ವಕೀಲರು ನ್ಯಾಯಮಂಡಳಿಗೆ ಹೋಗುವ ಸ್ವಾತಂತ್ರ್ಯ ಪಡೆದು ಅರ್ಜಿ ಹಿಂಪಡೆಯುತ್ತಾರೆ. ಕಾಫಿ ತೋಟ ಆ ಕಾಯ್ದೆ ಬಿಟ್ಟಿರುವ ಕೃಷಿ ಜಮೀನಿನ ಲೆಕ್ಕಕ್ಕೆ ಬರುತ್ತದೆಯೇ ಎಂಬ ಅಸಲು ಪ್ರಶ್ನೆಯನ್ನು ಯಾರೂ ಮುಟ್ಟಿಯೇ ಇರುವುದಿಲ್ಲ. ಇವಲ್ಲದೆ ಬೇಕಾದ ಕಕ್ಷಿದಾರರನ್ನು ಸೇರಿಸದೆ ಬಿಟ್ಟದ್ದು, ತಪ್ಪು ಆದೇಶವನ್ನು ಪ್ರಶ್ನಿಸಿದ್ದು, ರಾಜಿಯಾದದ್ದು, ಹಣ ಮುಗಿದದ್ದು, ಸಕಲೇಶಪುರದಿಂದ ಬೆಂಗಳೂರಿಗೆ ಸುಮಾರು 220 ಕಿಲೋಮೀಟರು ಅಲೆದು ಸಾಕಾದದ್ದು ಎಲ್ಲವೂ ಉಂಟು. ಆದೇಶದ ಎರಡು ಸಾಲು ಈ ಕಾರಣಗಳಲ್ಲಿ ಯಾವುದೆಂದು ಹೇಳುವುದಿಲ್ಲ. ಹೇಳದ ಕಾರಣವನ್ನು ಎದುರಾಳಿ ತನಗೆ ಬೇಕಾದಂತೆ ತುಂಬಿಕೊಳ್ಳುವ ಹಾಗಿಲ್ಲ. ವಿಚಾರಣೆಯ ನಡುವೆ ಪೀಠದ ಬಾಯಿಂದ ಬಂದ ಮಾತಿಗೂ ಇದೇ ನ್ಯಾಯ. ಸಹಿ ಬಿದ್ದ ಆದೇಶದಲ್ಲಿ ಇಲ್ಲದ ಮಾತು, ಮರುದಿನದ ಪತ್ರಿಕೆಯಲ್ಲಿ ಎಷ್ಟು ದಪ್ಪ ಅಕ್ಷರದಲ್ಲಿ ಬಂದರೂ, ಯಾರನ್ನೂ ಕಟ್ಟಿಹಾಕುವುದಿಲ್ಲ.

ಎದುರು ದಿಕ್ಕಿನ ಭ್ರಮೆಯನ್ನೂ ಬಿಡುವಂತಿಲ್ಲ. ಹಿಂಪಡೆದದ್ದಷ್ಟೇ, ಸೋತಿಲ್ಲವಲ್ಲ, ಬೇಕಾದಾಗ ಮತ್ತೆ ಹಾಕಿದರಾಯಿತು ಎಂದು ಹೋರಾಟಗಾರರು ತಮ್ಮವರಿಗೆ ಹೇಳುವ ಸಮಾಧಾನ ಇನ್ನೂ ಅಪಾಯದ್ದು. ಹಿಂಪಡೆದ ದಿನವೇ ತಡೆಯಾಜ್ಞೆ ಹೋಗುತ್ತದೆ. ಮಧ್ಯಂತರ ಆದೇಶಕ್ಕೆ ಸ್ವಂತ ಜೀವವಿಲ್ಲ, ಮೂಲ ಪ್ರಕರಣ ಬಿದ್ದರೆ ಅದೂ ಬೀಳುತ್ತದೆ, ಪ್ರಕರಣ ಬಾಕಿ ಇತ್ತೆಂಬ ಮಾತ್ರಕ್ಕೆ ಯಾರೂ ಲಾಭ ಹೊಡೆಯುವಂತಿಲ್ಲ ಎಂದು 2010ರ ಕಲಾಭಾರತಿ ಅಡ್ವರ್ಟೈಸಿಂಗ್ ತೀರ್ಪು ಹೇಳುತ್ತದೆ. ಸ್ಟೇ ನಂಬಿ ಹತ್ತು ವರ್ಷ ಒತ್ತುವರಿ ತೋಟದಲ್ಲಿ ಕಾಫಿ ಕೊಯ್ದವನು ಅರ್ಜಿ ಹಿಂಪಡೆದರೆ, ಆ ಹತ್ತು ವರ್ಷಗಳನ್ನು ತನ್ನ ಹಕ್ಕಿನ ಖಾತೆಗೆ ಬರೆದುಕೊಳ್ಳಲಾರ. ಇನ್ನೊಂದು ಏಟು ಕಾಲಮಿತಿಯದು. ಹೊಸ ದಾವೆಗೆ ಸ್ವಾತಂತ್ರ್ಯ ಸಿಕ್ಕಿದ್ದರೂ, ಮೊದಲ ದಾವೆ ಹೂಡಿಯೇ ಇರಲಿಲ್ಲ ಎಂಬಂತೆ ದಿನಗಳನ್ನು ಎಣಿಸಬೇಕೆಂದು 23ನೇ ಆದೇಶದ 2ನೇ ನಿಯಮ ಹೇಳುತ್ತದೆ. ತಪ್ಪು ನ್ಯಾಯಾಲಯದಲ್ಲಿ ಸದ್ಭಾವದಿಂದ ಕಳೆದ ಕಾಲಕ್ಕೆ ಕಾಲಮಿತಿ ಕಾಯ್ದೆಯ 14ನೇ ಕಲಮು ಕೆಲವೊಮ್ಮೆ ಆಸರೆಯಾದೀತು, ಎಲ್ಲಕ್ಕೂ ಅಲ್ಲ. ಸರ್ಫೇಸಿಯ 17ನೇ ಕಲಮಿನಡಿ ಬೆಳೆಗಾರನಿಗಿರುವುದು 45 ದಿನ. ಅರಣ್ಯ ಅಥವಾ ಪರಿಸರ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಲು 30 ದಿನ, ಸಾಕಷ್ಟು ಕಾರಣ ತೋರಿಸಿದರೆ ಮೇಲೆ 60 ದಿನ, ಅಲ್ಲಿಗೆ ಮುಗಿಯಿತು. ಇನ್ನು ‘ಮನವಿ ಪರಿಗಣಿಸಿ’ ಎಂಬ ಸಾಲು ಸೇರಿಸಿಕೊಂಡು ಹಿಂಪಡೆದವರು ಅದನ್ನೇ ದೊಡ್ಡ ಗೆಲುವೆಂದು ಸಾರುವುದುಂಟು. ಪರಿಗಣಿಸು ಎಂದರೆ ಮಂಜೂರು ಮಾಡು ಎಂದಲ್ಲ. ಹಳಸಿದ ಕೋರಿಕೆಗೆ ಅಧಿಕಾರಿ ಉತ್ತರ ಕೊಟ್ಟ ಮಾತ್ರಕ್ಕೆ ಅದಕ್ಕೆ ಹೊಸ ಜೀವ ಬರುವುದಿಲ್ಲ ಎಂದು 2008ರ ಸಿ. ಜೇಕಬ್ ಪ್ರಕರಣದಲ್ಲೇ ತೀರ್ಮಾನವಾಗಿದೆ. ಎದುರಾಳಿಗಳು, ಹೋರಾಟಗಾರರು ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ: ಆದೇಶದಲ್ಲಿ ಇಲ್ಲದ್ದನ್ನು ಒಬ್ಬರು ಗೆಲುವಾಗಿ, ಇನ್ನೊಬ್ಬರು ಅಭಯವಾಗಿ ಓದಿಕೊಳ್ಳುತ್ತಿದ್ದಾರೆ.

ಸಾರ್ವಜನಿಕ ಹಿತಾಸಕ್ತಿ ಅರ್ಜಿಯದು ಇದಕ್ಕಿಂತ ಬಿಗಿಯಾದ ಗಂಟು. ಒಬ್ಬ ಅರ್ಜಿದಾರ ಊರಿನ ಹೊಳೆಗಾಗಿ ಕೋರ್ಟಿಗೆ ಹೋಗಿ, ಆಮೇಲೆ ಏನೋ ಮನಸ್ಸು ಬದಲಾಗಿ ಹಿಂಪಡೆದರೆ ಇಡೀ ಊರು ಬಾಯಿ ಮುಚ್ಚಬೇಕೆ? ಮೊದಲನೆಯದಾಗಿ, ಅಂಥವನಿಗೆ ಹಿಂಪಡೆಯುವ ಹಕ್ಕೇ ಇಲ್ಲ, ಅನುಮತಿ ಕೇಳಬಹುದಷ್ಟೆ. ಜೈಲಿನಲ್ಲಿದ್ದ ಮಕ್ಕಳ ಪರವಾಗಿ ಶೀಲಾ ಬಾರ್ಸೆ ಹಾಕಿದ್ದ ಅರ್ಜಿಯನ್ನು ಅವರೇ ವಾಪಸ್ ಕೇಳಿದಾಗ, 1988ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ಬರೆದ ತೀರ್ಪು ಅವರನ್ನು ಮಾತ್ರ ಬಿಡುಗಡೆ ಮಾಡಿತು, ಅರ್ಜಿಯನ್ನು ಬಿಡಲಿಲ್ಲ; ಅವರ ಜಾಗಕ್ಕೆ ಕಾನೂನು ನೆರವು ಸಮಿತಿಯನ್ನು ತಂದು ನಿಲ್ಲಿಸಿತು. ಎಂಟು ವರ್ಷದ ಮೇಲೆ ಇದೇ ಮಾತು ಗಟ್ಟಿಯಾದದ್ದು ಹಾಸನ ಜಿಲ್ಲೆಯವರೇ ಪ್ರತಿವಾದಿಯಾಗಿದ್ದ ಪ್ರಕರಣದಲ್ಲಿ. ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರದ ಎಚ್.ಡಿ. ದೇವೇಗೌಡರು ಪ್ರಧಾನಿಯಾದದ್ದನ್ನು ಎಸ್.ಪಿ. ಆನಂದ್ ಎಂಬುವರು 1996ರಲ್ಲಿ ಪ್ರಶ್ನಿಸಿದರು. ಸುಪ್ರೀಂ ಕೋರ್ಟು ಗುಣದೋಷ ನೋಡಿ ಅರ್ಜಿಯನ್ನು ತಳ್ಳಿತು; ಜೊತೆಗೆ, ಸಾರ್ವಜನಿಕ ಹಿತದ ಹೆಸರಿನಲ್ಲಿ ಬಂದವನು ತನ್ನಿಚ್ಛೆಯಂತೆ ಅರ್ಜಿ ಹಿಂಪಡೆಯಲಾರ, ಅನುಮತಿ ಕೊಡುವಾಗ ನ್ಯಾಯಾಲಯ ನೋಡಬೇಕಾದದ್ದು ಸಾರ್ವಜನಿಕ ಹಿತವನ್ನು ಎಂದು ಬರೆಯಿತು. ಆನೆ ಪ್ರಕರಣದಂತೆ ನ್ಯಾಯಾಲಯ ತಾನೇ ಎತ್ತಿಕೊಂಡದ್ದಾದರೆ ಹಿಂಪಡೆಯಲು ಅರ್ಜಿದಾರನೇ ಇರುವುದಿಲ್ಲ. ಇನ್ನು ಅನುಮತಿ ಸಿಕ್ಕಿ ಅರ್ಜಿ ಹೋದರೂ, ಉಳಿದ ಹಳ್ಳಿಗರ ಮೇಲೆ ಪೂರ್ವನ್ಯಾಯ ಬೀಳಲಾರದು. ಸಾಮೂಹಿಕ ಹಕ್ಕಿಗಾಗಿ ಒಬ್ಬ ನಡೆಸಿದ ವ್ಯಾಜ್ಯ ಎಲ್ಲರನ್ನೂ ಕಟ್ಟಿಹಾಕುವುದು ಅದು ಸದ್ಭಾವದಿಂದ ನಡೆದು ತೀರ್ಮಾನವಾದಾಗ. ಹಾಗಾದರೆ ಯೋಜನೆಗಳಿಗೆ ಕೊನೆಯೇ ಇಲ್ಲವೆ, ಹೆಸರು ಬದಲಿಸಿ ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರೆ ಸರ್ಕಾರ ಕೆಲಸ ಮಾಡುವುದು ಯಾವಾಗ ಎಂಬ ಆಕ್ಷೇಪ ಹಗುರವಾದದ್ದಲ್ಲ. ಅದಕ್ಕೆ ಮದ್ದು ಕಾನೂನಿನಲ್ಲೇ ಇದೆ: ವಿಳಂಬದ ಕಾರಣಕ್ಕೆ ತಳ್ಳಬಹುದು, ಬೇನಾಮಿ ಅರ್ಜಿಯೆಂದು ಕಂಡರೆ ದಂಡ ಹಾಕಬಹುದು, ನಡೆಯದ ತೀರ್ಪನ್ನು ನಡೆದಂತೆ ತೋರಿಸುವ ಅಗತ್ಯ ಇಲ್ಲ. ಹಿಂಪಡೆಯುವಿಕೆಯಿಂದ ಬೇಸತ್ತ ಪ್ರತಿವಾದಿಗೂ ಒಂದು ದಾರಿಯಿದೆ. ಮೆಮೊ ಬಂದ ದಿನವೇ ಎದ್ದು ನಿಂತು, ಸ್ವಾತಂತ್ರ್ಯ ಕೊಡಬೇಡಿ, ಖರ್ಚು ಕೊಡಿಸಿ, ಇಲ್ಲವೇ ಗುಣದೋಷದ ಮೇಲೆ ಕೇಳಿಯೇ ತೀರ್ಮಾನಿಸಿ ಎಂದು ಒತ್ತಾಯಿಸಬಹುದು. ಅಂದು ಸುಮ್ಮನಿದ್ದು, ಆರು ತಿಂಗಳ ಮೇಲೆ ‘ಹೈಕೋರ್ಟು ಎತ್ತಿಹಿಡಿದಿದೆ’ ಎಂದರೆ ಅದಕ್ಕೆ ಬೆಲೆಯಿಲ್ಲ.

ಈ ತಪ್ಪು ಓದು ಟೀ ಅಂಗಡಿಯಲ್ಲೇ ಉಳಿದಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ‘ಮಾನ್ಯ ಉಚ್ಚ ನ್ಯಾಯಾಲಯವು ಸದರಿ ಅರ್ಜಿಯನ್ನು ವಿಲೇವಾರಿ ಮಾಡಿರುವುದರಿಂದ ತಮ್ಮ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ’ ಎಂಬ ಧಾಟಿಯ ಹಿಂಬರಹ ಕಚೇರಿಗಳ ರೂಢಿಯ ಭಾಷೆ. ಬಗರ್ ಹುಕುಂ ಸಕ್ರಮಕ್ಕಾಗಿ ನಮೂನೆ 50, 53, 57 ಸಲ್ಲಿಸಿದ ಅರ್ಜಿದಾರನಿರಲಿ, ಸೆಕ್ಷನ್ 4 ಮತ್ತು 17ರ ನಡುವೆ ಸಿಕ್ಕಿಬಿದ್ದ ಹೇಮಾವತಿ ಸಂತ್ರಸ್ತನಿರಲಿ, ಅರ್ಜಿ ಹಿಂಪಡೆದಿದ್ದಕ್ಕೆ ಇಂಥ ಹಿಂಬರಹ ಬಂದರೆ ಅದು ಕಾನೂನಿಗೆ ನಿಲ್ಲುವುದಿಲ್ಲ. ನ್ಯಾಯಾಲಯ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳುವ ಹೊಣೆ ಕಾಯ್ದೆ ಯಾರ ಮೇಲೆ ಹೊರಿಸಿದೆಯೋ ಅವರ ಮೇಲೆಯೇ ಉಳಿದಿರುತ್ತದೆ. ತಹಶೀಲ್ದಾರರಾಗಲಿ ಅರಣ್ಯ ವ್ಯವಸ್ಥಾಪನಾಧಿಕಾರಿಯಾಗಲಿ ತಮ್ಮ ಕಾರಣಗಳನ್ನು ತಾವೇ ಬರೆಯಬೇಕು. ಹಿಂಬರಹ ಕೈಗೆ ಬಂದವನು ಮೊದಲು ಮಾಡಬೇಕಾದದ್ದು ಹೈಕೋರ್ಟಿನ ಆದೇಶದ ದೃಢೀಕೃತ ನಕಲು ತೆಗೆಸುವುದು. ಅದರಲ್ಲಿ ‘ಸ್ವಾತಂತ್ರ್ಯ’ದ ಸಾಲು ಇದೆಯೇ, ಇದ್ದರೆ ಯಾವ ಕಚೇರಿಗೆ, ಯಾವ ಕೋರಿಕೆಗೆ, ಎಷ್ಟು ದಿನದೊಳಗೆ ಎಂದು ನೋಡಿ, ಹಿಂಬರಹದ ತಾರೀಖಿನಿಂದ ದಿನ ಎಣಿಸಲು ಶುರುಮಾಡುವುದು.